ಚಳಿಗಾಲಕ್ಕೊಂದು ಕುಂಬಳಕಾಯಿ ಪಾಸ್ತಾ

(ನಮ್ಮ ಕೂಟದ ರಾಜ್ಯೋತ್ಸವ ಕಾರ್ಯಕ್ರಮದಲ್ಲಿ ಆಡಿದ ಮಾತು. ವಾರ್ಷಿಕ ಸಂಚಿಕೆಗಾಗಿ ಬರೆದುಕೊಟ್ಟದ್ದು.)

ಮುಂದಿನ ಸಾಲಲ್ಲಿ ಕೂತಿರೋ ಹಿರಿಯರಿಗೆ, ಮಕ್ಕಳನ್ನ ತೊಡೆ ಮೇಲೆ ಕೂರಿಸ್ಕೊಂಡಿರೋ ಅಕ್ಕಂದಿರಿಗೆ, ರಾತ್ರಿ ಪಾಳಿ ಮುಗಿಸಿ ನಿದ್ದೆ ಬಿಟ್ಟು ಬಂದಿರೋ ನರ್ಸುಗಳಿಗೆ, ಜಾಗ ಸಾಲದೆ ಹಿಂದೆ ಗೋಡೆಗೆ ಒರಗಿ ನಿಂತಿರೋ ನಮ್ಮ ಹುಡುಗರಿಗೆ, ಎಲ್ಲರಿಗೂ ನಮಸ್ಕಾರ.

ನಾನು ಎಲೆಕ್ಟ್ರಿಷಿಯನ್. ದಾವಣಗೆರೆ ಕಡೆಯವನು. ಸರ್ಕಾರಿ ಐಟಿಐನಲ್ಲಿ ಎರಡು ವರ್ಷ ಓದಿ ಸರ್ಟಿಫಿಕೇಟ್ ತಗೊಂಡು, ಊರಲ್ಲಿ ಒಂದಷ್ಟು ವರ್ಷ ವೈರಿಂಗ್ ಮಾಡಿ, ಆಮೇಲೆ ಈ ಜರ್ಮನಿಗೆ ಬಂದವನು. ಈ ಸಲ ಏನಾದ್ರೂ ಮಾತಾಡು ಅಂತ ಕೂಟದವರು ಕೇಳಿದರು. ಭಾಷೆ, ಇತಿಹಾಸದ ಬಗ್ಗೆ ಮಾತಾಡೋಕೆ ನನಗಿಂತ ತಿಳಿದವರು ಇಲ್ಲಿ ಕೂತಿದ್ದಾರೆ. ನಾನು ಅಡಿಗೆ ಬಗ್ಗೆ ಮಾತಾಡ್ತೀನಿ ಅಂದೆ. ಅದೂ ಬಿಸಿಬೇಳೆ ಬಾತೋ ಮುದ್ದೆಯೋ ಅಲ್ಲ. ಕುಂಬಳಕಾಯಿ ಮತ್ತು ಸಾಸೇಜ್ ಹಾಕಿದ ಪಾಸ್ತಾ. ರಾಜ್ಯೋತ್ಸವದ ದಿನ ಪಾಸ್ತಾನಾ ಅಂತ ಕಾರ್ಯದರ್ಶಿಯವರು ಒಂದ್ಸಲ ನನ್ನ ಮುಖ ನೋಡಿದರು. ಸ್ವಲ್ಪ ತಾಳ್ಮೆಯಿಂದ ಕೇಳಿ, ಕಾರಣ ಹೇಳ್ತೀನಿ.

ಅಕ್ಟೋಬರ್ ಕೊನೇ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಯ್ತು. ಅಲ್ಲಿಂದ ಶುರು ನಮ್ಮ ಕಷ್ಟ. ಡಿಸೆಂಬರ್‌ನಲ್ಲಿ ಈ ಸ್ಟುಟ್‌ಗಾರ್ಟ್ ಕಡೆ ಬೆಳಗ್ಗೆ 8 ದಾಟಿದ ಮೇಲೆ ಸೂರ್ಯ ಮುಖ ತೋರಿಸ್ತಾನೆ, ಸಂಜೆ ನಾಲ್ಕೂವರೆ ಅನ್ನೋ ಹೊತ್ತಿಗೆ ಮುಳುಗಿರ್ತಾನೆ. ಕತ್ತಲಲ್ಲಿ ಕೆಲಸಕ್ಕೆ ಹೋಗಿ ಕತ್ತಲಲ್ಲೇ ರೂಮಿಗೆ ವಾಪಸ್. ನನ್ನಂಥವರು ಕೆಲಸ ಮಾಡೋ ಹೊಸ ಕಟ್ಟಡಗಳಿಗೆ ಎಷ್ಟೋ ಸಲ ಕಿಟಕಿಯೇ ಕೂರಿಸಿರಲ್ಲ. ಗೋಡೆ ಕೊರೆದು, ಪೈಪ್ ಕೂರಿಸಿ, ವೈರ್ ಎಳೆದು ಮುಗಿಸೋ ಹೊತ್ತಿಗೆ ಬೆರಳು ಮರಗಟ್ಟಿರುತ್ತೆ. ಅದರ ಮೇಲೆ ವಾರಕ್ಕೆರಡು ದಿನ ಭಾಷೆ ಕ್ಲಾಸು. ಇಲ್ಲಿ ಎಲೆಕ್ಟ್ರಿಷಿಯನ್ ತರಬೇತಿ ಮೂರೂವರೆ ವರ್ಷದ್ದು, ನಮ್ಮದು ಎರಡು ವರ್ಷದ್ದು. ಆ ಅಂತರ ತುಂಬೋಕೆ ಓದಬೇಕು, ಪರೀಕ್ಷೆ ಬರೀಬೇಕು. ರೂಮು ಸೇರೋ ಹೊತ್ತಿಗೆ ರಾತ್ರಿ ಎಂಟೋ ಎಂಟೂವರೆಯೋ. ಆಗ ಏನು ತಿಂತೀರಿ? ಬ್ರೆಡ್ಡಿನ ಮೇಲೆ ಚೀಸ್, ಇಲ್ಲಾಂದ್ರೆ ಬಿಸಿನೀರು ಸುರಿದ ಕಪ್ ನೂಡಲ್ಸ್, ಅದೂ ಇಲ್ಲಾಂದ್ರೆ ಒಂದು ಪ್ಯಾಕೆಟ್ ಚಿಪ್ಸ್ ಹಿಡ್ಕೊಂಡು ಹಾಸಿಗೆ.

ಅಷ್ಟೊತ್ತಿಗೆ ಊರಲ್ಲಿ ಮಧ್ಯರಾತ್ರಿ ದಾಟಿರುತ್ತೆ. ಹಾಗಾಗಿ ಅಮ್ಮನಿಗೆ ಮಧ್ಯಾಹ್ನದ ಬಿಡುವಲ್ಲೇ ಫೋನ್ ಮಾಡಿರ್ತೀವಿ. ನಮ್ಮವರ ಫೋನ್ ಶುರುವಾಗೋದೇ ಒಂದು ಪ್ರಶ್ನೆಯಿಂದ: "ಊಟ ಆಯ್ತಾ?" ನಾವು ಅನ್ನೋದು, "ಆಯ್ತಮ್ಮ." ಇಲ್ಲಿ ಕೂತಿರೋರಲ್ಲಿ ಎಷ್ಟು ಜನ ಆ ಮಾತನ್ನ ನಿಜವಾಗಿ ಹೇಳ್ತೀರಿ? ಕೈ ಎತ್ತಿ ಅನ್ನಲ್ಲ. ನಿಮ್ಮ ಮನಸ್ಸಿಗೇ ಗೊತ್ತು.

ನನಗೆ ಗೊತ್ತಿರೋ ಒಬ್ಬ ತಮ್ಮ ಇದ್ದಾನೆ. ನಮ್ಮ ಹಾವೇರಿ ಕಡೆಯವನು, ಇಪ್ಪತ್ತನಾಲ್ಕು ವಯಸ್ಸು. ಬರೋಕೆ ಮಾಡಿದ ಸಾಲ ಬೇಗ ತೀರಿಸಬೇಕು ಅಂತ ಎರಡು ತಿಂಗಳು ಬ್ರೆಡ್ಡು ಮತ್ತು ಎನರ್ಜಿ ಡ್ರಿಂಕಲ್ಲೇ ದಿನ ತಳ್ಳಿದ. ಒಂದು ದಿನ ಏಣಿ ಮೇಲೆ ನಿಂತು ಕೇಬಲ್ ಟ್ರೇ ಕೂರಿಸ್ತಿದ್ದಾಗ ಕಣ್ಣು ಕತ್ತಲೆ ಬಂತು. ಕೆಳಗೆ ಏಣಿ ಹಿಡಿದಿದ್ದ ಪೋಲೆಂಡಿನವನು ಅವನನ್ನ ಅಪ್ಪಿ ಹಿಡ್ಕೊಂಡಿದ್ದಕ್ಕೆ ಬಚಾವಾದ. ಡಾಕ್ಟರು ಕೊಟ್ಟ ಔಷಧಿ ಏನು ಗೊತ್ತಾ? ಹೊತ್ತಿಗೆ ಸರಿಯಾಗಿ ಊಟ ಮಾಡು ಅನ್ನೋ ಮಾತು. ಊಟ ಬಲ್ಲವನಿಗೆ ರೋಗವಿಲ್ಲ ಅಂತ ಗಾದೆ ಇದೆಯಲ್ಲ. ನಮ್ಮ ಕೆಲಸದಲ್ಲಿ ಹೆಲ್ಮೆಟ್ಟು, ಸೇಫ್ಟಿ ಶೂ ಎಷ್ಟು ಮುಖ್ಯವೋ ಹೊಟ್ಟೆಗೆ ಬಿದ್ದ ಬಿಸಿ ಊಟವೂ ಅಷ್ಟೇ ಮುಖ್ಯ. ಹೆಲ್ಮೆಟ್ ಹಾಕಿದ್ದೀಯಾ ಅಂತ ಕೇಳೋಕೆ ಸೂಪರ್‌ವೈಸರ್ ಇದ್ದಾನೆ. ಉಂಡಿದ್ದೀಯಾ ಅಂತ ಕೇಳೋಕೆ ಇಲ್ಲಿ ನಾವೇ ಒಬ್ಬರಿಗೊಬ್ಬರು.

ಊರಿನ ಅಡಿಗೆ ಮಾಡ್ಕೊಳ್ಳಿ ಅಂತ ಹೇಳೋದು ಸುಲಭ. ಆದರೆ ನುಗ್ಗೆಕಾಯಿ, ಹೀರೆಕಾಯಿ ಬೇಕು ಅಂದ್ರೆ ಶನಿವಾರ ಟ್ರೈನ್ ಹತ್ತಿ ದೊಡ್ಡ ಊರಿನ ಏಷ್ಯನ್ ಅಂಗಡಿಗೆ ಹೋಗಬೇಕು. ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತೆ. ವಾರದ ಮಧ್ಯೆ ರಾತ್ರಿ ಎಂಟಕ್ಕೆ ಕೈಗೆ ಸಿಗೋದು ಪಕ್ಕದ ಸೂಪರ್‌ಮಾರ್ಕೆಟ್ಟಲ್ಲಿ ಇರೋದು ಮಾತ್ರ. ಅಲ್ಲಿ ಸೆಪ್ಟೆಂಬರ್‌ನಿಂದ ಚಳಿಗಾಲ ಮುಗಿಯೋವರೆಗೂ ಅಗ್ಗವಾಗಿ ಸಿಗೋ ಮೂರು ಪದಾರ್ಥ ಯಾವುವು ಅಂದ್ರೆ ಕುಂಬಳಕಾಯಿ, ಪಾಸ್ತಾ, ಸಾಸೇಜ್. ಮೂರೂ ಸೇರಿದರೆ ಒಂದು ಗಂಟೆಯೊಳಗೆ ಐದು ಜನಕ್ಕೆ ಹೊಟ್ಟೆ ತುಂಬ ಊಟ.

ಕುಂಬಳಕಾಯಿ ನಮಗೆ ಹೊಸದಲ್ಲ. ಆಯುಧಪೂಜೆ ದಿನ ಟೂಲ್ ಬಾಕ್ಸಿಗೆ ಕುಂಕುಮ ಹಚ್ಚಿ, ಅಂಗಡಿ ಮುಂದೆ ಬೂದುಗುಂಬಳ ಒಡೆಯೋದು ಎಲೆಕ್ಟ್ರಿಷಿಯನ್ನರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಿಹಿಗುಂಬಳದ ಪಲ್ಯ, ಹುಳಿ, ಬೆಲ್ಲ ಹಾಕಿದ ಗಾರಿಗೆ ತಿಂದೇ ಬೆಳೆದಿದ್ದೀವಿ. ಇದರಲ್ಲಿ ಒಂದು ಸಂಗತಿ ಗಮನಿಸಿ. ಬೂದುಗುಂಬಳ ಏಷ್ಯಾದ್ದೇ ಕಾಯಿ. ಸಿಹಿಗುಂಬಳ ಮಾತ್ರ ಅಮೆರಿಕ ಖಂಡದ್ದು. 1492ರಲ್ಲಿ ಕೊಲಂಬಸ್ ಅಲ್ಲಿಗೆ ಹೋದ ಮೇಲೆಯೇ ಅದರ ಬೀಜ ಹಡಗು ಹತ್ತಿ ಬೇರೆ ದೇಶಗಳಿಗೆ ಹೋದದ್ದು. ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ ಕೂಡ ಹಾಗೇ. ಮಲೆನಾಡು, ಕರಾವಳಿಯಲ್ಲಿ ಸಿಹಿಗುಂಬಳಕ್ಕೆ ಚೀನಿಕಾಯಿ ಅಂತಾರೆ, ಹೆಸರಲ್ಲೇ ಪರದೇಶ ಇದೆ. ಇವತ್ತು ಅದನ್ನ ಹೊರಗಿನದು ಅಂತ ಯಾರಾದ್ರೂ ಅಂತಾರಾ?

ಪಾಸ್ತಾನೂ ಅಷ್ಟೇನೂ ದೂರದ್ದಲ್ಲ. ಡುರಮ್ ಅನ್ನೋ ಗಟ್ಟಿ ಗೋಧಿಯ ರವೆಗೆ ನೀರು ಹಾಕಿ ನಾದಿ, ಅಚ್ಚಿನಲ್ಲಿ ಒತ್ತಿ ಒಣಗಿಸಿದರೆ ಪಾಸ್ತಾ. ಆ ಗೋಧಿಯನ್ನ ನಮ್ಮ ಉತ್ತರ ಕರ್ನಾಟಕದಲ್ಲೂ ಬೆಳೀತಾರೆ. ಬೇಸಿಗೆಯಲ್ಲಿ ಅಜ್ಜಿಯರು ಶ್ಯಾವಿಗೆ ಮಾಡಿ ಮಂಚದ ಮೇಲೆ ಒಣಹಾಕ್ತಿದ್ದದ್ದು ನೆನಪು ಮಾಡ್ಕೊಳ್ಳಿ. ಪಾಸ್ತಾ ಅದರದ್ದೇ ದೊಡ್ಡಪ್ಪನ ಮಗ.

ಕುಂಬಳಕಾಯಿಯನ್ನೂ ಪಾಸ್ತಾವನ್ನೂ ಜೋಡಿ ಮಾಡಿದ್ದು ಇಟಲಿಯವರು. ಉತ್ತರ ಇಟಲಿಯಲ್ಲಿ ಮಾಂಟೊವಾ ಅನ್ನೋ ಊರಿದೆ. ಅಲ್ಲಿ ಕುಂಬಳಕಾಯಿ ಹೂರಣ ತುಂಬಿದ ಪಾಸ್ತಾ ಹೆಸರುವಾಸಿ, ನಮ್ಮ ಕಡುಬಿನ ಥರ. ಕುಂಬಳಕಾಯಿ ಮತ್ತು ಸಾಲ್ಸಿಚ್ಚಾ ಅನ್ನೋ ಹಸಿ ಸಾಸೇಜ್ ಸೇರಿಸಿ ಪಾಸ್ತಾ ಮಾಡೋದು ಆ ಕಡೆಯ ಸಾಮಾನ್ಯ ಮನೆ ಅಡಿಗೆ.

ಈ ಅಡಿಗೆ ಜರ್ಮನಿಯಲ್ಲಿ ಬೇರು ಬಿಟ್ಟದ್ದರಲ್ಲಿ ನಮ್ಮಂಥ ಕೂಲಿ ಕೆಲಸದವರದ್ದು ದೊಡ್ಡ ಪಾಲು. 1955ರ ಡಿಸೆಂಬರ್ 20ರಂದು ಪಶ್ಚಿಮ ಜರ್ಮನಿ ಮತ್ತು ಇಟಲಿ ಕೆಲಸಗಾರರನ್ನ ಕರೆಸಿಕೊಳ್ಳೋ ಒಪ್ಪಂದ ಮಾಡ್ಕೊಂಡವು. 1961ರಲ್ಲಿ ಟರ್ಕಿ ಜೊತೆ ಇಂಥದ್ದೇ ಒಪ್ಪಂದ ಆಯ್ತು. ಅತಿಥಿ ಕೆಲಸಗಾರರು ಅಂತ ಹೆಸರು ಕೊಟ್ಟರು. ಅತಿಥಿ ಅಂದ್ರೆ ಗೊತ್ತಲ್ಲ, ಬಂದವರು ಹೊರಡಬೇಕು. ವೋಲ್ಫ್ಸ್‌ಬರ್ಗ್‌ನ ಕಾರು ಕಾರ್ಖಾನೆಗೆ 1962ರಿಂದ ಇಟಲಿಯವರು ಸಾವಿರಾರು ಜನ ಬಂದರು. ಬ್ಯಾರಕ್ಕಿನಂಥ ಮನೆಗಳಲ್ಲಿ, ಹಂಚಿಕೊಂಡ ರೂಮುಗಳಲ್ಲಿ ಇದ್ದರು. ಹೊಸಬರನ್ನ ಕರೆಸೋದು 1973ರ ನವೆಂಬರ್‌ನಲ್ಲಿ ನಿಂತಿತು. ಆದರೆ ಎಷ್ಟೋ ಜನ ಇಲ್ಲೇ ಉಳಿದರು, ಹೆಂಡತಿ ಮಕ್ಕಳನ್ನ ಕರೆಸಿಕೊಂಡರು, ಹೋಟೆಲು, ಐಸ್‌ಕ್ರೀಮ್ ಅಂಗಡಿ ಇಟ್ಟರು. ಇವತ್ತು ಜರ್ಮನ್ ಮಕ್ಕಳಿಗೆ ಏನು ಇಷ್ಟ ಅಂತ ಕೇಳಿದರೆ ಸ್ಪಗೆಟಿ ಅಂತಾರೆ. ನಮಗಿಂತ ಅರವತ್ತು ಎಪ್ಪತ್ತು ವರ್ಷ ಮುಂಚೆ ಇದೇ ಚಳಿಗೆ ಬಂದು, ಇದೇ ಥರ ಮನೆಗೆ ದುಡ್ಡು ಕಳಿಸ್ತಿದ್ದವರ ಅಡಿಗೆ ಇದು. ಅದಕ್ಕೇ ಈ ಊಟದ ಮೇಲೆ ನನಗೆ ಒಂಥರಾ ಗೌರವ.

ಈಗ ಅಂಗಡಿಗೆ ಹೋಗೋಣ.

ಇಲ್ಲಿ ಕುಂಬಳಕಾಯಿಗೆ ಕ್ಯುರ್ಬಿಸ್ ಅಂತಾರೆ. ಎಳಸಿದ್ದಾಗ ಕಿತ್ತು ತಿನ್ನೋ ತ್ಸುಕೀನಿಯಂಥದ್ದು ಬೇಸಿಗೆಯ ಜಾತಿ. ಬಲಿತು ಸಿಪ್ಪೆ ಗಟ್ಟಿಯಾದ ಮೇಲೆ ಕಿತ್ತು ತಿಂಗಳುಗಟ್ಟಲೆ ಇಡೋದು ಚಳಿಗಾಲದ ಜಾತಿ. ನಮಗೆ ಬೇಕಾದ್ದು ಎರಡು. ಒಂದು ಹೊಕ್ಕಾಯ್ಡೊ: ಕೇಸರಿ ಬಣ್ಣ, ದುಂಡಗೆ, ಒಂದು ಕಿಲೋ ಆಸುಪಾಸು. ಇದರ ಸಿಪ್ಪೆ ಬೆಂದರೆ ಮೆತ್ತಗಾಗುತ್ತೆ, ಹೆರೆಯೋ ಕೆಲಸವೇ ಇಲ್ಲ. ದಣಿದು ಬಂದವನಿಗೆ ಇದಕ್ಕಿಂತ ಒಳ್ಳೇ ತರಕಾರಿ ಇಲ್ಲ. ಇನ್ನೊಂದು ಬಟರ್‌ನಟ್: ತಿಳಿ ಕಂದು, ಸೋರೆಬುರುಡೆ ಆಕಾರ. ಇದು ನಮ್ಮ ಸಿಹಿಗುಂಬಳದ ಜಾತಿಗೇ ಸೇರಿದ್ದು. ಸಿಪ್ಪೆ ಹೆರೆಯಬೇಕು, ಆದರೆ ತಿರುಳು ಬೆಣ್ಣೆ ಥರ. ತೊಟ್ಟು ಒಣಗಿ ಗಟ್ಟಿಯಾಗಿ ಅಂಟಿಕೊಂಡಿರೋದನ್ನ, ಬೆರಳಲ್ಲಿ ತಟ್ಟಿದರೆ ಟೊಳ್ಳು ಶಬ್ದ ಬರೋದನ್ನ ಆರಿಸಿ. ಇಡೀ ಕಾಯಿ ತಂಪಾದ ಒಣ ಜಾಗದಲ್ಲಿ ವಾರಗಟ್ಟಲೆ ಇರುತ್ತೆ. ಹೆಚ್ಚಿದ್ದು ಫ್ರಿಜ್ಜಲ್ಲಿ ಮೂರ್ನಾಲ್ಕು ದಿನ.

ಹಳ್ಳಿ ಕಡೆ ಸೈಟ್ ಇರೋರು ರಸ್ತೆ ಪಕ್ಕ ನೋಡ್ತಾ ಹೋಗಿ. ರೈತರು ಗಾಡಿ ತುಂಬ ಕುಂಬಳಕಾಯಿ ಇಟ್ಟು, ಬೆಲೆ ಬರೆದು, ಪಕ್ಕದಲ್ಲಿ ದುಡ್ಡಿನ ಡಬ್ಬ ಇಟ್ಟಿರ್ತಾರೆ. ಕಾವಲಿಗೆ ಯಾರೂ ಇರಲ್ಲ. ಹಣ ಹಾಕಿ ಕಾಯಿ ತಗೊಂಡು ಬರೋದು. ಇಲ್ಲಿ ಕುಂಬಳಕಾಯಿ ಕಳ್ಳ ಅಂತ ಕೂಗಿದರೆ ಹೆಗಲು ಮುಟ್ಟಿಕೊಳ್ಳೋ ಪ್ರಸಂಗ ತಂದುಕೋಬೇಡಿ! ಲುಡ್ವಿಗ್ಸ್‌ಬರ್ಗ್ ಅರಮನೆ ತೋಟದಲ್ಲಿ ಪ್ರತಿ ಶರತ್ಕಾಲ ಕುಂಬಳಕಾಯಿ ಪ್ರದರ್ಶನ ನಡೆಯುತ್ತೆ. ಕುಟುಂಬ ಇರೋರು ಮಕ್ಕಳನ್ನ ಒಮ್ಮೆ ಕರ್ಕೊಂಡು ಹೋಗಿ.

ಒಂದು ಎಚ್ಚರಿಕೆ. ಅಂಗಡಿಯಲ್ಲಿ ಬಣ್ಣ ಬಣ್ಣದ ಪುಟ್ಟ ಕುಂಬಳಕಾಯಿ ತ್ಸೀರ್‌ಕ್ಯುರ್ಬಿಸ್ ಅಂತ ಇಟ್ಟಿರ್ತಾರೆ. ಅವು ಅಲಂಕಾರಕ್ಕೆ ಮಾತ್ರ, ವಿಷ. ತಿನ್ನೋ ಜಾತಿಯಲ್ಲೂ ಹಸಿ ಚೂರು ನಾಲಿಗೆಗೆ ಇಟ್ಟಾಗ ಕಹಿ ಅನ್ನಿಸಿದರೆ ಉಗುಳಿ, ಇಡೀ ಕಾಯಿ ಕಸಕ್ಕೆ ಹಾಕಿ. ಆ ಕಹಿ ಬೇಯಿಸಿದರೂ ಹೋಗಲ್ಲ. 2015ರಲ್ಲಿ ಇಲ್ಲೇ ಹೈಡನ್‌ಹೈಮ್‌ನಲ್ಲಿ ತೋಟದ ಕಹಿ ತ್ಸುಕೀನಿ ತಿಂದು ಒಬ್ಬ ವೃದ್ಧರು ತೀರಿಕೊಂಡರು. ದುಡ್ಡು ಹಾಳಾಯ್ತಲ್ಲ ಅಂತ ಕಹಿ ಕಾಯಿ ಬೇಯಿಸೋ ಉಳಿತಾಯ ಯಾರಿಗೂ ಬೇಡ.

ಸಾಸೇಜ್ ವಿಷಯಕ್ಕೆ ಬರ್ತೀನಿ. ಈ ಅಡಿಗೆಗೆ ಹಸಿ ಸಾಸೇಜ್ ಬೇಕು. ಇಟಲಿಯ ಸಾಲ್ಸಿಚ್ಚಾ ಸಿಕ್ಕರೆ ಸರಿ, ಇಲ್ಲಾಂದ್ರೆ ದಪ್ಪಗೆ ಕೊಚ್ಚಿದ ಹಸಿ ಬ್ರಾಟ್‌ವುರ್ಸ್ಟ್. ಡಬ್ಬದಲ್ಲಿ ಬರೋ ವೀನರ್ ಥರದ್ದು ಮೊದಲೇ ಬೆಂದಿರುತ್ತೆ, ಅದು ಬಿಸಿಯಾಗುತ್ತೆ ಅಷ್ಟೇ, ರುಚಿ ಬಿಟ್ಟುಕೊಡಲ್ಲ. ಪ್ಯಾಕೆಟ್ ಮೇಲಿನ ನಾಲ್ಕು ಪದ ಬಾಯಿಪಾಠ ಮಾಡ್ಕೊಳ್ಳಿ: ಶ್ವೈನ್ ಅಂದ್ರೆ ಹಂದಿ, ರಿಂಡ್ ಅಂದ್ರೆ ದನ, ಗೆಫ್ಲ್ಯೂಗೆಲ್ ಅಂದ್ರೆ ಕೋಳಿಯಂಥ ಹಕ್ಕಿ, ಪೂಟೆ ಅಂದ್ರೆ ಟರ್ಕಿ ಕೋಳಿ. ಕೋಳಿ ಸಾಸೇಜ್ ಅಂತ ದೊಡ್ಡದಾಗಿ ಬರೆದಿದ್ದರೂ ಹೊರಗಿನ ಚೀಲ ಹಂದಿ ಕರುಳಿನದ್ದು ಇರಬಹುದು. ಸಣ್ಣಕ್ಷರದಲ್ಲಿ ಶ್ವೈನೆಡಾರ್ಮ್ ಅಂತ ಇದೆಯಾ ನೋಡಿ. ನಮ್ಮ ಮುಸ್ಲಿಂ ಸ್ನೇಹಿತರು ಟರ್ಕಿಯವರ ಅಂಗಡಿಗೆ ಹೋದರೆ ಈ ತಲೆನೋವಿಲ್ಲ. ಮಂಗಳೂರು ಕಡೆಯ ಕ್ರಿಶ್ಚಿಯನ್ನರಿಗೆ, ಕೊಡಗಿನವರಿಗೆ ಹಂದಿ ಮಾಂಸದ ಪಾಠ ನಾನು ಹೇಳಬೇಕಾಗಿಲ್ಲ, ಅವರೇ ನನಗೆ ಹೇಳಿಕೊಟ್ಟರು.

ಶಾಕಾಹಾರಿಗಳು ಎದ್ದು ಹೋಗಬೇಡಿ. ಸಾಸೇಜ್ ರುಚಿ ಅಂತ ನಾವು ಅನ್ನೋದರಲ್ಲಿ ಅರ್ಧಕ್ಕರ್ಧ ಮಸಾಲೆಯದ್ದು: ಸೋಂಪು, ಬೆಳ್ಳುಳ್ಳಿ, ಕಾಳುಮೆಣಸು, ಉಪ್ಪು, ಮತ್ತೆ ಕೆಂಪಗೆ ಹುರಿದ ಗಮ. ಡಬ್ಬದ ಕಾಬೂಲ್ ಕಡಲೆ ನೀರು ಬಸಿದು, ಒರಟಾಗಿ ಹಿಸುಕಿ, ಇದೇ ಮಸಾಲೆ ಹಾಕಿ ಎಣ್ಣೆಯಲ್ಲಿ ಗರಿಗರಿ ಹುರಿದರೆ ಆ ಕೆಲಸ ಅದು ಮಾಡುತ್ತೆ. ಕೊನೆಗೆ ಒಂದು ಹಿಡಿ ವಾಲ್‌ನಟ್ ಪುಡಿ ಮಾಡಿ ಉದುರಿಸಿ. ಇನ್ನೆರಡು ಮಾತು: ಒಣ ಪಾಸ್ತಾದಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರಲ್ಲ, ಆದರೆ ಇಲ್ಲಿನ ಶ್ಪೆಟ್ಸ್‌ಲೆ ಮತ್ತು ಫ್ರಿಜ್ಜಲ್ಲಿಟ್ಟು ಮಾರೋ ಹಸಿ ಪಾಸ್ತಾದಲ್ಲಿ ಇರುತ್ತೆ. ಪಾರ್ಮೆಸಾನ್ ಚೀಸನ್ನ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪಿನಿಂದ ಮಾಡ್ತಾರೆ. ಅದು ಬೇಡ ಅನ್ನೋರು ಮೈಕ್ರೊಬಿಯೆಲ್ಲೆಸ್ ಲಾಬ್ ಅಂತ ಬರೆದಿರೋ ಬೇರೆ ಗಟ್ಟಿ ಚೀಸ್ ತಗೊಳ್ಳಿ.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮಲ್ಲಿ ಒಟ್ಟಿಗೆ ಅಡಿಗೆ ಮಾಡೋಣ ಅಂದ ಕೂಡಲೆ ಮೊದಲ ಪ್ರಶ್ನೆ, "ನೀವು ವೆಜ್ಜಾ, ನಾನ್‌ವೆಜ್ಜಾ?" ಆ ಪ್ರಶ್ನೆ ಎಷ್ಟೋ ಸಲ ಬೇರೆ ಏನನ್ನೋ ಕೇಳೋ ಅಡ್ಡದಾರಿ ಅನ್ನೋದು ನಮಗೆಲ್ಲ ಗೊತ್ತು. ಯಾವ ಮನೆಯವರು, ಯಾವ ಜನ ಅಂತ ನೇರ ಕೇಳೋಕೆ ನಾಚಿಕೆ, ಅದಕ್ಕೆ ತಟ್ಟೆ ಮೂಲಕ ಕೇಳ್ತೀವಿ. ಐದು ಜನ ಇರೋ ಫ್ಲಾಟಿನಲ್ಲಿ ಇದೇ ಕಾರಣಕ್ಕೆ ಐದು ಪುಟ್ಟ ಪಾತ್ರೆ, ಐದು ಹೊತ್ತು, ಐದು ಜನ ತಂತಮ್ಮ ರೂಮಲ್ಲಿ ಬಾಗಿಲು ಹಾಕ್ಕೊಂಡು ಊಟ. ದಣಿದವನು ತನ್ನೊಬ್ಬನಿಗೇ ಅಂತ ಒಲೆ ಹಚ್ಚಲ್ಲ. ಹಾವೇರಿಯ ಆ ತಮ್ಮ ಎರಡು ತಿಂಗಳು ಬ್ರೆಡ್ಡು ತಿಂದದ್ದು ಯಾರ ಕಣ್ಣಿಗೂ ಬೀಳದೆ ಹೋಗಿದ್ದು ಹೀಗೇ. ಅವನ ಫ್ಲಾಟಲ್ಲಿ ಇನ್ನೂ ಮೂವರು ಕನ್ನಡದವರಿದ್ದರು.

ಈ ಅಡಿಗೆಯಲ್ಲಿ ಆ ಪ್ರಶ್ನೆಗೆ ಜಾಗವಿಲ್ಲ. ಕುಂಬಳಕಾಯಿ ಪಾಸ್ತಾ ಒಂದು ದೊಡ್ಡ ಪಾತ್ರೆಯಲ್ಲಿ, ಅದರಲ್ಲಿ ಮಾಂಸ ಬೀಳೋದೇ ಇಲ್ಲ. ಸಾಸೇಜ್ ಬೇರೆ ಬಾಣಲೆಯಲ್ಲಿ, ಬೇರೆ ಸೌಟಿನಲ್ಲಿ. ಹುರಿದ ಕಡಲೆ ಇನ್ನೊಂದು ಬಟ್ಟಲಲ್ಲಿ. ಮೂರನ್ನೂ ಮೇಜಿನ ಮೇಲಿಡಿ. ಬೇಕಾದವರು ಬೇಕಾದ್ದನ್ನ ತಮ್ಮ ತಟ್ಟೆಗೆ ಹಾಕ್ಕೊಳ್ಳಲಿ. ಯಾರೂ ಯಾರನ್ನೂ ಕೇಳಬೇಕಾಗಿಲ್ಲ, ಯಾರೂ ಉತ್ತರ ಕೊಡಬೇಕಾಗಿಲ್ಲ. ಹಂದಿ, ದನ ಬೇಡ ಅನ್ನೋರು ಮನೆಯಲ್ಲಿದ್ದರೆ ಎಲ್ಲರಿಗೂ ಸರಿಹೋಗೋ ಕೋಳಿ ಸಾಸೇಜ್ ತನ್ನಿ, ಅಷ್ಟು ಮಾಡಿದರೆ ಯಾರ ನಾಲಿಗೆಯೂ ಸತ್ತು ಹೋಗಲ್ಲ.

ಅಳತೆ ಬರ್ಕೊಳ್ಳಿ. ಐದು ಜನಕ್ಕೆ: ಹೊಕ್ಕಾಯ್ಡೊ ಕುಂಬಳಕಾಯಿ 1 ಕಿಲೋ, ಪೆನ್ನೆ ಅಥವಾ ರಿಗಟೋನಿ ಪಾಸ್ತಾ 500 ಗ್ರಾಂ, ಹಸಿ ಸಾಸೇಜ್ 400 ಗ್ರಾಂ, ಕಾಬೂಲ್ ಕಡಲೆ 1 ಡಬ್ಬ, ಈರುಳ್ಳಿ 2, ಬೆಳ್ಳುಳ್ಳಿ 6 ಎಸಳು, ಬ್ಯಾಡಗಿ ಮೆಣಸಿನಕಾಯಿ 3, ಸೋಂಪು 2 ಚಮಚ, ಜಾಯಿಕಾಯಿ ಸ್ವಲ್ಪ, ಕಾಳುಮೆಣಸು, ಅರ್ಧ ನಿಂಬೆಹಣ್ಣು, ತುರಿದ ಗಟ್ಟಿ ಚೀಸ್ 80 ಗ್ರಾಂ, ಅಡಿಗೆ ಎಣ್ಣೆ, ಉಪ್ಪು. ಸೇಜ್ ಎಲೆ, ಅಂದ್ರೆ ಇಲ್ಲಿಯವರ ಜಾಲ್ಬೈ, ಸಿಕ್ಕರೆ ಎಂಟು ಹತ್ತು ಎಲೆ.

ಮೊದಲು ಕುಂಬಳಕಾಯಿ. ತೊಳೆದು, ಚಾಕುವಿನ ತುದಿಯಿಂದ ನಾಲ್ಕೈದು ಕಡೆ ಆಳಕ್ಕೆ ಚುಚ್ಚಿ, ಮೈಕ್ರೊವೇವ್ ಇದ್ದರೆ ಮೂರು ನಿಮಿಷ ಇಡಿ. ಆಮೇಲೆ ಕುಯ್ಯೋಕೆ ಸುಲಭ. ಎರಡು ಹೋಳು ಮಾಡಿ, ಕತ್ತರಿಸಿದ ಕಡೆಯನ್ನ ಹಲಗೆ ಮೇಲೆ ಕೂರಿಸಿ ಹೆಚ್ಚಿ, ಆಗ ಕಾಯಿ ಉರುಳಲ್ಲ. ಕೈ ನಮ್ಮ ಬಂಡವಾಳ, ಜೋಪಾನ. ಬೀಜ ಚಮಚದಲ್ಲಿ ಕೆರೆದು ತೆಗೆದು ತೊಳೆದು ಒಣಹಾಕಿ, ನಾಳೆ ಉಪ್ಪು ಹಾಕಿ ಹುರಿದು ತಿನ್ನಬಹುದು. ತಿರುಳನ್ನ ಸಿಪ್ಪೆ ಸಮೇತ ಎರಡು ಸೆಂಟಿಮೀಟರ್ ತುಂಡು ಮಾಡಿ.

ಅಗಲವಾದ ದೊಡ್ಡ ಪಾತ್ರೆಯಲ್ಲಿ ಮೂರು ಚಮಚ ಎಣ್ಣೆ ಕಾಯಿಸಿ, ಅರ್ಧ ಸೋಂಪು, ಮುರಿದ ಮೆಣಸಿನಕಾಯಿ, ಸೇಜ್ ಎಲೆ ಹಾಕಿ. ಈರುಳ್ಳಿ, ಅರ್ಧ ಬೆಳ್ಳುಳ್ಳಿ ಬಾಡಿಸಿ. ಕುಂಬಳಕಾಯಿ ಹಾಕಿ, ಉಪ್ಪು ಹಾಕಿ, ಐದು ನಿಮಿಷ ದೊಡ್ಡ ಉರಿಯಲ್ಲಿ ಅಂಚು ಕೆಂಪಾಗೋವರೆಗೆ ಹುರಿಯಿರಿ. ಆಮೇಲೆ ಒಂದು ಲೋಟ ನೀರು ಹಾಕಿ ಮುಚ್ಚಿ ಹನ್ನೆರಡು ಹದಿನೈದು ನಿಮಿಷ. ಮೆತ್ತಗಾದ ಮೇಲೆ ಅರ್ಧ ಭಾಗ ಸೌಟಿನಿಂದ ಹಿಸುಕಿ, ಅರ್ಧ ಹಾಗೇ ಬಿಡಿ. ಹಿಸುಕಿದ್ದೇ ಸಾರು, ಕ್ರೀಮ್ ಬೇಕಾಗಿಲ್ಲ.

ಅದು ಬೇಯೋವಾಗ ಇನ್ನೊಂದು ಬಾಣಲೆಯಲ್ಲಿ ಸಾಸೇಜ್. ಮೇಲಿನ ಚೀಲ ಸೀಳಿ ತೆಗೆದು, ಒಳಗಿನ ಮಾಂಸವನ್ನ ಅಡಿಕೆ ಗಾತ್ರಕ್ಕೆ ಮುರಿದು ಹಾಕಿ. ಎಣ್ಣೆ ಬೇಡ, ಅದರದ್ದೇ ಕೊಬ್ಬು ಸಾಕು. ಕೋಳಿಯದ್ದಾದರೆ ಮಾತ್ರ ಒಂದು ಚಮಚ ಎಣ್ಣೆ. ಪದೇ ಪದೇ ತಿರುವಬೇಡಿ, ಒಂದು ಕಡೆ ಕೆಂಪಾಗಲಿ, ಆಮೇಲೆ ತಿರುವಿ. ಎಂಟು ಹತ್ತು ನಿಮಿಷ ಬೇಕು. ಒಳಗೆ ಹಸಿ ಗುಲಾಬಿ ಬಣ್ಣ ಉಳಿದಿರಬಾರದು. ಕಡಲೆಯನ್ನ ಮೂರನೇ ಪುಟ್ಟ ಬಾಣಲೆಯಲ್ಲಿ ಎಣ್ಣೆ, ಉಳಿದ ಸೋಂಪು, ಬೆಳ್ಳುಳ್ಳಿ, ಮೆಣಸು ಹಾಕಿ ಹುರಿದುಕೊಳ್ಳಿ. ಒಲೆಯಲ್ಲಿ ಜಾಗ ಇಲ್ಲಾಂದ್ರೆ ಕಡಲೆ ಮೊದಲು ಹುರಿದು ಎತ್ತಿಡಿ.

ಪಾಸ್ತಾಕ್ಕೆ ನೀರು ಕೆಟಲ್‌ನಲ್ಲಿ ಕಾಯಿಸಿ ಪಾತ್ರೆಗೆ ಸುರಿಯಿರಿ. ಹಳೇ ಕಬ್ಬಿಣದ ಕರೆಂಟ್ ಒಲೆಗಿಂತ ಬೇಗ ಆಗುತ್ತೆ. ಲೀಟರಿಗೆ 10 ಗ್ರಾಂ ಉಪ್ಪು. 100 ಗ್ರಾಂ ಪಾಸ್ತಾಕ್ಕೆ ಒಂದು ಲೀಟರ್ ನೀರು ಅನ್ನೋದು ಇಟಲಿಯವರ ಲೆಕ್ಕ. ಪಾತ್ರೆ ಚಿಕ್ಕದಿದ್ದರೆ ಮೂರೂವರೆ ಲೀಟರಲ್ಲೂ ಆಗುತ್ತೆ, ಮೊದಲ ಎರಡು ನಿಮಿಷ ಕೈ ಬಿಡದೆ ತಿರುವಬೇಕು ಅಷ್ಟೇ. ಪ್ಯಾಕೆಟ್ ಮೇಲೆ ಬರೆದಿರೋ ಸಮಯಕ್ಕಿಂತ ಎರಡು ನಿಮಿಷ ಮುಂಚೆ ತೆಗೆಯಿರಿ. ಬಸಿಯೋ ಮುಂಚೆ ಎರಡು ಲೋಟ ಆ ನೀರು ಎತ್ತಿಡೋದು ಮರೀಬೇಡಿ. ಅದರಲ್ಲಿ ಪಾಸ್ತಾ ಬಿಟ್ಟ ಹಿಟ್ಟಿನ ಅಂಶ ಇರುತ್ತೆ, ಎಣ್ಣೆ ಮತ್ತು ಸಾರು ಬೇರೆ ಬೇರೆ ಆಗದಂತೆ ಅದು ಹಿಡಿದಿಡುತ್ತೆ. ಗಂಜಿ ನೀರನ್ನ ಚೆಲ್ಲದ ನಮಗೆ ಇದು ಹೊಸ ಮಾತಲ್ಲ.

ಬಸಿದ ಪಾಸ್ತಾವನ್ನ ಕುಂಬಳಕಾಯಿ ಪಾತ್ರೆಗೆ ಹಾಕಿ, ಎತ್ತಿಟ್ಟ ನೀರು ಒಂದು ಲೋಟ ಸುರಿದು ಎರಡು ನಿಮಿಷ ಜೋರಾಗಿ ತಿರುವಿ. ಗಟ್ಟಿ ಅನ್ನಿಸಿದರೆ ಇನ್ನಷ್ಟು ನೀರು. ಒಲೆ ಆರಿಸಿ, ಜಾಯಿಕಾಯಿ ತುರಿದು, ಕಾಳುಮೆಣಸು, ಚೀಸ್ ಹಾಕಿ ಕಲಸಿ. ಕೊನೆಗೆ ನಿಂಬೆರಸ. ಇಟಲಿಯವರು ನಿಂಬೆ ಹಾಕ್ತಾರೋ ಇಲ್ಲವೋ, ನಮ್ಮ ನಾಲಿಗೆ ಕೇಳುತ್ತೆ: ಸಿಹಿಗುಂಬಳ ಇದ್ದಲ್ಲಿ ಖಾರ ಬೇಕು, ಹುಳಿ ಬೇಕು. ಸಿಹಿ ಕಾಯಿ, ಉಪ್ಪು ಖಾರದ ಸಾಸೇಜ್, ನಡುವೆ ಎರಡನ್ನೂ ಹೊರುವ ಪಾಸ್ತಾ, ಇಷ್ಟೇ ಇದರ ಗುಟ್ಟು. ಮಿಕ್ಕಿದ್ದು ನಾಳೆಯ ಬುತ್ತಿ. ಫ್ರಿಜ್ಜಲ್ಲಿಟ್ಟು, ಬಿಸಿ ಮಾಡೋವಾಗ ಸ್ವಲ್ಪ ನೀರು ಹಾಕಿ.

ಎಲೆಕ್ಟ್ರಿಷಿಯನ್ ಆಗಿ ಎರಡು ಮಾತು ಹೇಳದಿದ್ದರೆ ನನ್ನ ಸರ್ಟಿಫಿಕೇಟಿಗೆ ಅವಮಾನ. ರೂಮಿನಲ್ಲಿ ಎಕ್ಸ್‌ಟೆನ್ಷನ್ ಬೋರ್ಡಿಗೆ ಕರೆಂಟ್ ಒಲೆ, ಕೆಟಲ್ ಎರಡನ್ನೂ ಒಟ್ಟಿಗೆ ಹಾಕಬೇಡಿ. 230 ವೋಲ್ಟ್, 16 ಆಂಪಿಯರ್ ಅಂದ್ರೆ 3,680 ವಾಟ್ ತನಕ ಲೆಕ್ಕ. ಕೆಟಲ್ ಒಂದೇ 2,000 ದಾಟುತ್ತೆ, ಎರಡು ಪ್ಲೇಟಿನ ಒಲೆ 2,500. ಕೂಡಿಸಿ ನೋಡಿ. ಬೋರ್ಡನ್ನ ಇನ್ನೊಂದು ಬೋರ್ಡಿಗೆ ಸಿಕ್ಕಿಸೋದಂತೂ ಬೇಡವೇ ಬೇಡ. ಗಾಜಿನ ಒಲೆಯಾದರೂ ಕಬ್ಬಿಣದ್ದಾದರೂ ಆರಿಸಿದ ಮೇಲೆ ಐದು ನಿಮಿಷ ಕಾವು ಇರುತ್ತೆ, ಕೊನೇ ಹಂತ ಆ ಕಾವಿನಲ್ಲೇ ಮುಗಿಸಿ. ಮೆಣಸಿನಕಾಯಿ ಹುರಿಯೋವಾಗ ಹೊಗೆ ಅಲಾರಂ ಕೂಗುತ್ತೆ ಅಂತ ಅದಕ್ಕೆ ಪ್ಲಾಸ್ಟಿಕ್ ಕವರ್ ಕಟ್ಟೋ ಬುದ್ಧಿವಂತಿಕೆ ಬೇಡ. ಕಿಟಕಿ ತೆಗೀರಿ, ಚಳಿಗೆ ಎರಡು ನಿಮಿಷದಲ್ಲಿ ಯಾರೂ ಸಾಯಲ್ಲ.

ಇನ್ನು ದುಡ್ಡು. ಯೂರೋ ಕಂಡ ಕೂಡಲೆ ರೂಪಾಯಿಗೆ ಗುಣಿಸೋ ಚಟ ನಮಗೆಲ್ಲ ಇದೆ. ನಾನು ಹೋಗೋ ಅಂಗಡಿಯಲ್ಲಿ ಪಾಸ್ತಾ ಒಂದು ಯೂರೋ, ಕುಂಬಳಕಾಯಿ ಎರಡು, ಸಾಸೇಜ್ ನಾಲ್ಕು, ಉಳಿದದ್ದೆಲ್ಲ ಸೇರಿ ಮೂರು. ಹತ್ತು ಯೂರೋಗೆ ಐದು ಜನ. ತಲೆಗೆ ಎರಡು ಯೂರೋ. ರಸ್ತೆ ಬದಿ ಒಂದು ದೋನರ್ ತಗೊಂಡರೆ ಅದರ ಮೂರು ಪಟ್ಟಿಗಿಂತ ಜಾಸ್ತಿ. ಸಾಲ ಬೇಗ ತೀರಬೇಕು ಅನ್ನೋರೇ ಮೊದಲು ಒಲೆ ಹಚ್ಚಬೇಕು.

ಹಾವೇರಿಯ ತಮ್ಮ ಈಗ ಚೆನ್ನಾಗಿದ್ದಾನೆ. ಅವನ ಫ್ಲಾಟಲ್ಲಿ ಮಂಗಳವಾರ, ಶುಕ್ರವಾರ ನಾಲ್ವರೂ ಒಟ್ಟಿಗೆ ಅಡಿಗೆ ಮಾಡ್ತಾರೆ. ಮೊದಲು ಬಂದವನು ನೀರಿಡೋದು, ಕೊನೆಗೆ ಬಂದವನು ಪಾತ್ರೆ ತೊಳೆಯೋದು. ನಿಯಮ ಅಷ್ಟೇ.

ಕೂಟದವರ ಮುಂದೆ ನನ್ನದೊಂದು ಬೇಡಿಕೆ. ರಾಜ್ಯೋತ್ಸವ, ಯುಗಾದಿ ಅಂತ ವರ್ಷಕ್ಕೆ ಎರಡು ಸಲ ಹಾಲ್ ಬಾಡಿಗೆ ಹಿಡಿದು ಊಟ ಹಾಕ್ತೀವಿ, ಸಂತೋಷ. ಆದರೆ ನಮ್ಮವರು ಒಬ್ಬೊಬ್ಬರೇ ಕೂತು ಕೊರಗೋದು ಡಿಸೆಂಬರ್, ಜನವರಿ, ಫೆಬ್ರವರಿಯಲ್ಲಿ. ಆ ಮೂರು ತಿಂಗಳು, ಅಡಿಗೆಮನೆ ದೊಡ್ಡದಿರೋ ಯಾರದಾದ್ರೂ ಮನೆಯಲ್ಲಿ ಎರಡನೇ ಶನಿವಾರ ಸೇರೋಣ. ಹಾಡು, ಭಾಷಣ ಬೇಡ. ಸುಮ್ಮನೆ ಹೆಚ್ಚೋಣ, ಬೇಯಿಸೋಣ, ಉಣ್ಣೋಣ. ನಿಮ್ಮೂರಲ್ಲಿ ಇಬ್ಬರೇ ಕನ್ನಡದವರಿದ್ದರೆ ಇಬ್ಬರೇ ಮಾಡಿ. ಪಕ್ಕದ ರೂಮಲ್ಲಿ ಪೋಲೆಂಡಿನವನೋ ಸಿರಿಯಾದವನೋ ಇದ್ದರೆ ಬಾಗಿಲು ತಟ್ಟಿ. ಜರ್ಮನ್ ತಪ್ಪು ತಪ್ಪಾಗಿ ಬಂದರೂ ಪರವಾಗಿಲ್ಲ, ಊಟಕ್ಕೆ ಬಾ ಅನ್ನೋದು ಎಲ್ಲರಿಗೂ ಅರ್ಥ ಆಗುತ್ತೆ.

ಮೊದಲ ಶನಿವಾರ ನಮ್ಮ ಮನೆಯಲ್ಲೇ ಇಟ್ಕೊಳ್ಳೋಣ. ಕುಂಬಳಕಾಯಿ ನಾನು ತರ್ತೀನಿ. ಬರೋವಾಗ ಯಾರಾದ್ರೂ ಒಂದು ಚೂಪಾದ ಚಾಕು ತನ್ನಿ, ನಮ್ಮ ಬಾಡಿಗೆ ಮನೆಯ ಚಾಕುವಿಗೆ ಕುಂಬಳಕಾಯಿ ಜಗ್ಗಲ್ಲ.